ಕೇಳುಗರ ವಿಳಾಸ ಯಾರ ಕೈಯಲ್ಲಿದೆ?

ಗೌಹರ್ ಜಾನ್ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ, 1930ರ ಜನವರಿ 17ರಂದು. ಕಲ್ಕತ್ತೆಯ ಮೆಹಫಿಲುಗಳಲ್ಲಿ ಮೆರೆದ ಈ ಗಾಯಕಿ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿದ್ದರು. ಆದರೆ ಆಕೆಯ ಹೆಸರು ಇಂದಿಗೂ ಉಳಿದಿರುವುದು ಯಾವ ಆಸ್ಥಾನದಿಂದಲೂ ಅಲ್ಲ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಮಾಡಿಕೊಂಡ ಧ್ವನಿಮುದ್ರಣಗಳಿಂದ. ಮೂರು ನಿಮಿಷದ ಹಾಡು ಮುಗಿಯುತ್ತಿದ್ದಂತೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುವುದು ಆ ರೆಕಾರ್ಡುಗಳಲ್ಲಿ ಕೇಳಿಸುತ್ತದೆ. ಅದು ಜಂಬವಲ್ಲ. ಇಲ್ಲಿ ಮುದ್ರಿಸಿದ ಮೂಲಪ್ರತಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ರೆಕಾರ್ಡುಗಳಾಗಿ ಅಚ್ಚಾಗಿ ಬರಬೇಕಿತ್ತು. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಲ್ಲ! ನಮ್ಮ ದಾಸರು ಪದದ ಕೊನೆಗೆ ಅಂಕಿತ ಇಡುತ್ತಿದ್ದಂತೆ ಇದು ಯಂತ್ರಯುಗದ ಅಂಕಿತ.

ಹೀಗೆ ಹಾಡಿದವರ ಹೆಸರು ಊರೂರು ಸುತ್ತಿತು. ಆದರೆ ಕೊಂಡು ಕೇಳಿದವರ ಹೆಸರು ಹಾಡಿದವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಮೆಹಫಿಲಿನಲ್ಲಿ ಕೇಳುಗರ ಮುಖ ಕಾಣುತ್ತಿತ್ತು. ಯಾರು ತಲೆದೂಗಿದರು, ಯಾರು ಎದ್ದುಹೋದರು ಎಂಬುದು ಗೊತ್ತಾಗುತ್ತಿತ್ತು. ರೆಕಾರ್ಡಿನ ಕಾಲದಲ್ಲಿ ಅಷ್ಟಿಷ್ಟು ಗೊತ್ತಿದ್ದರೆ ಅದು ಅಂಗಡಿಯವನಿಗೆ, ಲೆಕ್ಕ ಇಡುವ ಕಂಪನಿಗೆ. ಕ್ಯಾಸೆಟ್ಟು ಬಂದಾಗಲೂ ಈ ಮಾತು ಬದಲಾಗಲಿಲ್ಲ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಬಂತು, ಕನ್ನಡದ ಭಾವಗೀತೆ ಮನೆಮನೆಯ ಟೇಪ್‌ರೆಕಾರ್ಡರಿಗೆ ಇಳಿಯಿತು. ಆ ಮನೆಗಳು ಯಾವುವು ಎಂಬ ಪಟ್ಟಿ ಮಾತ್ರ ಹಾಡಿದವರ ಕೈಯಲ್ಲಿ ಇರಲಿಲ್ಲ. ಹಾಡು ಕೇಳುಗರ ಮನೆಯೊಳಕ್ಕೆ ಹೋಯಿತು, ಕೇಳುಗರು ಹಾಡುಗಾರರ ಕಣ್ಣಿನಿಂದ ಮರೆಯಾದರು.

ಮರೆಯಾದ ಆ ಕೇಳುಗರನ್ನು ಸಂಗೀತಗಾರರು ಮತ್ತೆ ಹುಡುಕಿಕೊಂಡ ಕಥೆ ಇಲ್ಲಿದೆ. ಇಂದು ಅದಕ್ಕೆ ‘ಫ್ಯಾನ್ ಎಂಗೇಜ್‌ಮೆಂಟ್’ ಎಂಬ ದೊಡ್ಡ ಹೆಸರಿದೆ. ನನಗೆ ಇದರಲ್ಲಿ ಸ್ವಂತದ ಆಸಕ್ತಿಯೂ ಉಂಟು. ಪುಣೆಯಲ್ಲಿ ವಾರದ ಐದು ದಿನ ಸಾಫ್ಟ್‌ವೇರ್ ನೌಕರಿ, ಉಳಿದೆರಡು ದಿನ ನಾವು ನಾಲ್ವರು ಸೇರಿ ಹಾಡುತ್ತೇವೆ. ಶರೀಫರ ತತ್ವಪದ, ಒಂದಷ್ಟು ವಚನ, ಜೊತೆಗೆ ನಾವೇ ಕಟ್ಟಿದ ಹಾಡುಗಳು. ಕೇಳುವವರು ನಿಮ್ಮಂಥವರೇ: ಹಿಂಜೆವಾಡಿಯಲ್ಲಿ, ಅಂಧೇರಿಯಲ್ಲಿ, ಗಚ್ಚಿಬೌಲಿಯಲ್ಲಿ, ನೊಯ್ಡಾದಲ್ಲಿ ಚದುರಿಹೋಗಿರುವ ಕನ್ನಡದವರು. ನಮ್ಮಂಥ ಸಣ್ಣ ತಂಡಗಳಿಗೆ ಸಲಹೆಗೇನೂ ಬರವಿಲ್ಲ. ದಿನಾ ಪೋಸ್ಟ್ ಹಾಕಿ, ವಾರಕ್ಕೆ ನಾಲ್ಕು ರೀಲ್ಸ್ ಮಾಡಿ, ಬಂದ ಕಾಮೆಂಟಿಗೆಲ್ಲ ತಾಸಿನೊಳಗೆ ಉತ್ತರ ಕೊಡಿ. ಆದರೆ ಈ ಸಲಹೆಗಳ ಹಿಂದಿನ ಚರಿತ್ರೆಯನ್ನು ಹೇಳುವವರು ಕಡಿಮೆ. ಆ ಚರಿತ್ರೆ ನೋಡಿದರೆ ಕೇಳಬೇಕಾದ ಪ್ರಶ್ನೆಯೇ ಬೇರೆ ಅನ್ನಿಸುತ್ತದೆ. ಎಷ್ಟು ಜನ ಹಿಂಬಾಲಿಸುತ್ತಿದ್ದಾರೆ ಎಂಬುದಲ್ಲ, ಅವರ ವಿಳಾಸ ಯಾರ ಕೈಯಲ್ಲಿದೆ ಎಂಬುದು.

*

1971ರಲ್ಲಿ ಕ್ಯಾಲಿಫೋರ್ನಿಯಾದ ‘ಗ್ರೇಟ್‌ಫುಲ್ ಡೆಡ್’ ಎಂಬ ರಾಕ್ ತಂಡ ತನ್ನ ಆಲ್ಬಮ್ಮಿನ ಒಳಹೊದಿಕೆಯಲ್ಲಿ ಒಂದು ಪುಟ್ಟ ಪ್ರಕಟಣೆ ಅಚ್ಚು ಹಾಕಿಸಿತು. ನೀವು ಯಾರು, ಎಲ್ಲಿದ್ದೀರಿ, ಹೇಗಿದ್ದೀರಿ ಎಂದು ವಿಚಾರಿಸಿ, ಹೆಸರು ವಿಳಾಸ ಕಳಿಸಿದರೆ ನಮ್ಮ ಸುದ್ದಿ ತಿಳಿಸುತ್ತಿರುತ್ತೇವೆ ಎಂಬ ಅರ್ಥದ ಒಕ್ಕಣೆ. ಕೆಳಗೆ ಸ್ಯಾನ್ ರಫೇಲ್ ಊರಿನ ಒಂದು ಪೋಸ್ಟ್ ಬಾಕ್ಸ್ ನಂಬರು. ಗೌಹರ್ ಜಾನ್ ತನ್ನ ಹೆಸರು ಹೇಳಿದ್ದಕ್ಕೂ ಇದಕ್ಕೂ ಇರುವ ಅಂತರ ನೋಡಿ. ಅಲ್ಲಿ ಹಾಡುವವರು ತಮ್ಮ ಹೆಸರು ಕೊಟ್ಟರು, ಇಲ್ಲಿ ಹಾಡುವವರು ಕೇಳುಗರ ಹೆಸರು ಕೇಳಿದರು.

ಕಾಗದಗಳು ಬಂದವು. ಕೆಲವೇ ವರ್ಷಗಳಲ್ಲಿ ಆ ಪಟ್ಟಿ ಹತ್ತಾರು ಸಾವಿರಕ್ಕೆ ಬೆಳೆಯಿತು. ತಂಡ ಆಗಾಗ ಸುದ್ದಿಪತ್ರ ಕಳಿಸುತ್ತಿತ್ತು. 1983ರಿಂದ ಟಿಕೆಟ್ಟುಗಳನ್ನೂ ಅಂಚೆಯ ಮೂಲಕ ತಾನೇ ಮಾರತೊಡಗಿತು. ಬೇಡಿಕೆಯ ಲಕೋಟೆಗಳ ಮೇಲೆ ಅಭಿಮಾನಿಗಳು ಬಣ್ಣಬಣ್ಣದ ಚಿತ್ರ ಬರೆದು ಕಳಿಸುತ್ತಿದ್ದರು. ಕಛೇರಿಗಳಲ್ಲಿ ಜನ ಟೇಪ್‌ರೆಕಾರ್ಡರ್ ತಂದು ಧ್ವನಿಮುದ್ರಿಸಿಕೊಂಡರೆ ಬೇರೆ ತಂಡದವರು ಹೊರಗೆ ಹಾಕಿಸುತ್ತಿದ್ದ ಕಾಲ ಅದು. ಇವರು 1984ರಲ್ಲಿ ಅಂಥವರಿಗೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಜಾಗ ಮಾಡಿಕೊಟ್ಟರು. ಆ ಟೇಪುಗಳು ಕೈಯಿಂದ ಕೈಗೆ ಹೋದವು. ಹಣಕ್ಕಲ್ಲ, ಅದಲು ಬದಲಿಗೆ.

ಈ ತಂಡದ ಒಂದೇ ಒಂದು ಹಾಡು ಅಮೆರಿಕದ ಜನಪ್ರಿಯ ಪಟ್ಟಿಯ ಮೊದಲ ಹತ್ತರೊಳಗೆ ಬಂದದ್ದು, ಅದೂ 1987ರಲ್ಲಿ, ಅಂದರೆ ತಂಡ ಕಟ್ಟಿ 22 ವರ್ಷವಾದ ಮೇಲೆ. ಅಷ್ಟು ಕಾಲ ಅವರನ್ನು ನಡೆಸಿದ್ದು ಹಿಟ್ ಹಾಡಲ್ಲ, ರೇಡಿಯೋ ಅಲ್ಲ. ಹಾಡುವ ಊರಿಗೆ ಬರುತ್ತಿದ್ದ ಜನ ಮತ್ತು ಅವರನ್ನು ಕರೆಯಲು ಇದ್ದ ಪಟ್ಟಿ. ಇಂಟರ್ನೆಟ್ಟಿನ ಆರಂಭದ ದಿನಗಳಲ್ಲಿ, 1985ರಲ್ಲಿ ಶುರುವಾದ ‘ವೆಲ್’ ಎಂಬ ಕಂಪ್ಯೂಟರ್ ಕೂಟದಲ್ಲಿ, ಬಹಳ ಬೇಗ ತುಂಬಿಕೊಂಡವರೂ ಈ ಅಭಿಮಾನಿಗಳೇ. ಸೋಶಿಯಲ್ ಮೀಡಿಯಾ ಎಂಬ ಮಾತು ಹುಟ್ಟುವ ಮುಂಚೆಯೇ ಅವರು ಅದನ್ನು ಬಾಳುತ್ತಿದ್ದರು.

*

ಎರಡನೆಯ ಕಥೆ ಇಂಗ್ಲೆಂಡಿನ ‘ಮರಿಲಿಯನ್’ ತಂಡದ್ದು. 1985ರಲ್ಲಿ ಇವರ ‘ಕೇಲೀ’ ಎಂಬ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತ್ತು. 1988ರಲ್ಲಿ ಮುಖ್ಯ ಗಾಯಕ ತಂಡ ಬಿಟ್ಟ. ಹೊಸ ಗಾಯಕ ಸ್ಟೀವ್ ಹೋಗಾರ್ತ್ ಬಂದರು, ಹಾಡುಗಳು ಬದಲಾದವು, ಮಾರಾಟ ಇಳಿಯಿತು. 1995ರ ಹೊತ್ತಿಗೆ ದೊಡ್ಡ ಕಂಪನಿ ಕೈಬಿಟ್ಟಿತು. ಪತ್ರಿಕೆಗಳಿಗೆ ಅವರು ಹಳಬರಾಗಿದ್ದರು.

1997ರಲ್ಲಿ ಕೀಬೋರ್ಡ್ ನುಡಿಸುವ ಮಾರ್ಕ್ ಕೆಲಿ ಅಭಿಮಾನಿಗಳ ಇಮೇಲ್ ಬಳಗಕ್ಕೆ ಒಂದು ಮಾತು ಬರೆದರು. ಅಮೆರಿಕಕ್ಕೆ ಬಂದು ಹಾಡಿದರೆ ಸುಮಾರು 60,000 ಡಾಲರ್ ನಷ್ಟವಾಗುತ್ತದೆ, ಅದನ್ನು ತುಂಬಿಕೊಡುವ ಕಂಪನಿ ಇಲ್ಲ, ಆದ್ದರಿಂದ ಬರಲಾಗುವುದಿಲ್ಲ ಎಂದು. ಇದನ್ನು ಓದಿದ ಅಮೆರಿಕದ ಅಭಿಮಾನಿಗಳು, ಹಾಗಾದರೆ ಆ ಹಣ ನಾವೇ ಕೂಡಿಸುತ್ತೇವೆ ಎಂದು ಬ್ಯಾಂಕಿನಲ್ಲಿ ಖಾತೆ ತೆರೆದು ಚಂದಾ ಎತ್ತಿದರು. ಟಿಕೆಟ್ಟಿನ ಹಣ ಬೇರೆ, ಈ ಹಣ ಬೇರೆ. ಹಣ ಕೂಡಿತು, ಆ ವರ್ಷವೇ ತಂಡ ಅಮೆರಿಕ ಸುತ್ತಿತು. ಕ್ರೌಡ್‌ಫಂಡಿಂಗ್ ಎಂಬ ಪದ ಬಳಕೆಗೆ ಬರಲು ಇನ್ನೂ ವರ್ಷಗಳಿದ್ದವು.

ಇದರಿಂದ ತಂಡ ಕಲಿತ ಪಾಠ ದೊಡ್ಡದು. ಮುಂದಿನ ಆಲ್ಬಮ್ಮಿಗೆ ಮುಂಗಡ ಕೊಡುವ ಕಂಪನಿಯನ್ನು ಹುಡುಕುವ ಬದಲು ತಮ್ಮ ಬಳಿ ಇದ್ದ ಸುಮಾರು 6,000 ಇಮೇಲ್ ವಿಳಾಸಗಳಿಗೆ ಕಾಗದ ಹಾಕಿದರು: ಇನ್ನೂ ಒಂದು ಸ್ವರವೂ ಮುದ್ರಣವಾಗಿಲ್ಲ, ಈಗಲೇ ದುಡ್ಡು ಕೊಟ್ಟು ಕೊಳ್ಳುತ್ತೀರಾ? 12,000ಕ್ಕೂ ಹೆಚ್ಚು ಜನ ಕೊಂಡರು. 2001ರಲ್ಲಿ ‘ಅನೊರಾಕ್ನೋಫೋಬಿಯಾ’ ಎಂಬ ಆಲ್ಬಮ್ ಬಂತು. ಹಿಂದೆ ಕೈಬಿಟ್ಟಿದ್ದ ಕಂಪನಿಯೇ ಈಗ ಹಂಚಿಕೆಗೆ ಒಪ್ಪಿತು. ಆದರೆ ಈ ಸಲ ಮಾಲೀಕರು ಹಾಡಿದವರು. 2004ರ ‘ಮಾರ್ಬಲ್ಸ್’ ಆಲ್ಬಮ್ಮಿಗೂ ಇದೇ ದಾರಿ. ಮೊದಲೇ ಹಣ ಕೊಟ್ಟವರ ಹೆಸರುಗಳನ್ನೆಲ್ಲ ವಿಶೇಷ ಆವೃತ್ತಿಯ ಪುಸ್ತಕದಲ್ಲಿ ಅಚ್ಚು ಹಾಕಿದರು. ಅದರ ಒಂದು ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 7ನೇ ಸ್ಥಾನಕ್ಕೆ ಹೋಯಿತು.

ಹೊರಗಿನವರು ಇದನ್ನು ಇಂಟರ್ನೆಟ್ಟಿನ ಪವಾಡ ಎಂದರು. ಕನ್ನಡ ಓದುಗರಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆ ನಡೆದದ್ದು ಚಂದಾದಾರರ ಬಲದ ಮೇಲೆ. ಓದುಗರು ಮೊದಲೇ ಚಂದಾ ಕೊಡುವುದು, ಆಮೇಲೆ ಪುಸ್ತಕಗಳು ಅವರ ಮನೆಗೆ ಹೋಗುವುದು. ಯಾರದೆಂದು ಗೊತ್ತಿಲ್ಲದ ಪುಸ್ತಕಕ್ಕೂ ಅಟ್ಟದ ಮೇಲಿನ ಆ ಪ್ರಕಾಶಕರನ್ನು ನಂಬಿ ಜನ ಹಣ ಕೊಟ್ಟರು. 1961ರಲ್ಲಿ ಗಿರೀಶ ಕಾರ್ನಾಡ ಎಂಬ ಹೊಸ ಹುಡುಗನ ‘ಯಯಾತಿ’ ಹೊರಬಂದದ್ದು ಅಲ್ಲಿಂದಲೇ. ಮರಿಲಿಯನ್ನಿನವರ 12,000 ಜನ ನಮ್ಮ ಲೆಕ್ಕದಲ್ಲಿ ಚಂದಾದಾರರು. ‘ಫಾಲೋವರ್’ ಎನ್ನುವುದಕ್ಕಿಂತ ಆ ಪದ ಎಷ್ಟೋ ಗಟ್ಟಿ. ಫಾಲೋವರ್ ಹಿಂದೆ ಬರುವವನು. ಚಂದಾದಾರ ಮುಂಗಡ ಕೊಟ್ಟು ಕಾಯುವವನು, ಕೊಡದಿದ್ದರೆ ಪತ್ರ ಬರೆದು ಕೇಳುವವನು.

*

ಇನ್ನು ನಮಗೆ ಗೊತ್ತಿರುವ ಸೋಶಿಯಲ್ ಮೀಡಿಯಾದ ಕಾಲ. 2003ರಲ್ಲಿ ಅಮೆರಿಕದಲ್ಲಿ ‘ಮೈಸ್ಪೇಸ್’ ಶುರುವಾಯಿತು. ಯಾವ ತಂಡ ಬೇಕಾದರೂ ಪುಟ ತೆರೆದು ಹಾಡು ಏರಿಸಬಹುದು, ಕೇಳುವವರು ಪುಕ್ಕಟೆ ಕೇಳಬಹುದು, ‘ಫ್ರೆಂಡ್’ ಆಗಬಹುದು. ಕಂಪನಿಯ ಬಾಗಿಲು ಕಾಯಬೇಕಿಲ್ಲ. ಸ್ವತಂತ್ರ ಸಂಗೀತಗಾರರಿಗೆ ಇದು ದೊಡ್ಡ ಬಿಡುಗಡೆಯೇ ಆಗಿತ್ತು, ಅದನ್ನು ಅಲ್ಲಗಳೆಯಬಾರದು.

ಇಂಗ್ಲೆಂಡಿನ ಶೆಫೀಲ್ಡಿನ ‘ಆರ್ಕ್ಟಿಕ್ ಮಂಕೀಸ್’ ಹುಡುಗರು ಈ ಕಾಲದ ದಂತಕಥೆ. 2006ರ ಜನವರಿಯಲ್ಲಿ ಅವರ ಮೊದಲ ಆಲ್ಬಮ್ ಒಂದೇ ವಾರದಲ್ಲಿ ಬ್ರಿಟನ್ನಿನಲ್ಲಿ 3 ಲಕ್ಷ 63 ಸಾವಿರಕ್ಕೂ ಹೆಚ್ಚು ಪ್ರತಿ ಮಾರಿತು. ಮೈಸ್ಪೇಸ್ ಅವರನ್ನು ಬೆಳೆಸಿತು ಎಂದು ಪತ್ರಿಕೆಗಳೆಲ್ಲ ಬರೆದವು. ಹುಡುಗರು ಮಾತ್ರ ಆ ಪುಟ ನಾವು ಮಾಡಿದ್ದಲ್ಲ, ಅಭಿಮಾನಿಗಳು ಮಾಡಿದ್ದು ಎಂದೇ ಹೇಳುತ್ತ ಬಂದರು. ನಡೆದದ್ದು ಇಷ್ಟೇ: ಸಣ್ಣ ಸಣ್ಣ ಕಛೇರಿಗಳಲ್ಲಿ ಅವರು ಮನೆಯಲ್ಲಿ ಮಾಡಿದ ಸಿ.ಡಿ.ಗಳನ್ನು ಬಂದವರ ಕೈಗೆ ಪುಕ್ಕಟೆ ಕೊಟ್ಟರು. ಪಡೆದವರು ಅದನ್ನು ಇಂಟರ್ನೆಟ್ಟಿಗೆ ಏರಿಸಿ ಗೆಳೆಯರಿಗೆ ಹಂಚಿದರು. ಮುಂದಿನ ಕಛೇರಿಗೆ ಬಂದ ಜನಕ್ಕೆ ಹಾಡು ಆಗಲೇ ಬಾಯಿಪಾಠ. ಬೀಜ ಬಿತ್ತಿದ್ದು ಎದುರು ನಿಂತು ಹಾಡಿದ ಸಂಜೆಗಳಲ್ಲಿ. ಜಾಲತಾಣ ಅದನ್ನು ಹರಡಿದ ಗಾಳಿ.

ಆ ಗಾಳಿಯನ್ನೇ ನೆಲ ಎಂದು ನಂಬಿ ಮನೆ ಕಟ್ಟಿದವರ ಗತಿ ಏನಾಯಿತು? 2005ರಲ್ಲಿ 58 ಕೋಟಿ ಡಾಲರಿಗೆ ಮಾರಾಟವಾದ ಮೈಸ್ಪೇಸ್ 2011ರಲ್ಲಿ ಸುಮಾರು ಮೂರೂವರೆ ಕೋಟಿಗೆ ಮತ್ತೆ ಕೈ ಬದಲಿಸಿತು. ಅಷ್ಟರಲ್ಲಿ ಜನ ಫೇಸ್‌ಬುಕ್ಕಿಗೆ ಗುಳೆ ಹೋಗಿದ್ದರು. ಹಾಡುಗಾರರ ಸಾವಿರಾರು ‘ಫ್ರೆಂಡ್’ಗಳು ಅಲ್ಲೇ ಉಳಿದರು, ಅಂದರೆ ಎಲ್ಲೂ ಉಳಿಯಲಿಲ್ಲ. ಅವರನ್ನು ಹೊಸ ಊರಿಗೆ ಕರೆಯಲು ಹಾಡುಗಾರರ ಬಳಿ ವಿಳಾಸವೇ ಇರಲಿಲ್ಲ. 2019ರಲ್ಲಿ ಇನ್ನೊಂದು ಪೆಟ್ಟು. ಸರ್ವರ್ ಬದಲಿಸುವಾಗ 2003ರಿಂದ 2015ರವರೆಗೆ ಏರಿಸಿದ ಹಾಡುಗಳೆಲ್ಲ ಅಳಿಸಿಹೋಗಿವೆ ಎಂದು ಮೈಸ್ಪೇಸ್ ಒಪ್ಪಿಕೊಂಡಿತು. 1.4 ಕೋಟಿ ಕಲಾವಿದರ 5 ಕೋಟಿ ಹಾಡುಗಳು ಎಂಬ ಲೆಕ್ಕ ಆಗ ಸುದ್ದಿಯಾಯಿತು. ಇಂಟರ್ನೆಟ್ ಆರ್ಕೈವ್‌ನವರ ಕೈಗೆ ಮರಳಿ ಸಿಕ್ಕಿದ್ದು ಸುಮಾರು 4 ಲಕ್ಷ 90 ಸಾವಿರ ಹಾಡುಗಳು. ಅಂದರೆ ನೂರಕ್ಕೆ ಒಂದು.

ನಮ್ಮ ಕಡೆಯ ಕಥೆಯೂ ಇದೇ ಜಾಡಿನದು. 2004ರಲ್ಲಿ ಬಂದ ಆರ್ಕುಟ್ಟಿನಲ್ಲಿ ಭಾರತದ ಹುಡುಗ ಹುಡುಗಿಯರು ನೆರೆದರು, ಕನ್ನಡದ ಗುಂಪುಗಳೂ ಹುಟ್ಟಿದವು. 2014ರ ಸೆಪ್ಟೆಂಬರ್ 30ರಂದು ಅದು ಮುಚ್ಚಿತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿದಾಗ ಅದರಲ್ಲಿ ಟಿಕ್‌ಟಾಕ್ ಕೂಡ ಇತ್ತು. ಆ ನಿರ್ಧಾರ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಹಳ್ಳಿಯಲ್ಲಿ ಕೂತು ಮೊಬೈಲಿನಲ್ಲಿ ಹಾಡಿ ಲಕ್ಷಾಂತರ ಕೇಳುಗರನ್ನು ಗಳಿಸಿದ್ದ ಹಾಡುಗಾರರಿಗೆ ಮಾತ್ರ ಅದೊಂದು ರಾತ್ರಿಯಲ್ಲಿ ಊರೇ ಮುಳುಗಿದ ಹಾಗೆ ಆಯಿತು.

*

ಊರು ಮುಳುಗದಿದ್ದರೂ ತೊಂದರೆ ತಪ್ಪಿದ್ದಲ್ಲ. ಫೇಸ್‌ಬುಕ್ 2007ರಲ್ಲಿ ‘ಪೇಜ್’ ಎಂಬ ಅನುಕೂಲ ಕೊಟ್ಟಿತು. ಸಂಗೀತಗಾರರು ಪೇಜ್ ತೆರೆದರು, ಕಛೇರಿಯ ಬ್ಯಾನರಿನಲ್ಲಿ, ಸಿ.ಡಿ. ಹಿಂದೆ ಅದರ ಹೆಸರು ಬರೆಸಿದರು, ತಮ್ಮ ಕೇಳುಗರನ್ನೆಲ್ಲ ಕರೆದು ಅಲ್ಲಿ ಕೂರಿಸಿದರು. 2012ರಲ್ಲಿ ಫೇಸ್‌ಬುಕ್ ಕೊಟ್ಟ ಲೆಕ್ಕದಂತೆ ಒಂದು ಪೇಜಿನಲ್ಲಿ ಹಾಕಿದ ಪೋಸ್ಟ್ ಸರಾಸರಿ ಶೇಕಡ 16ರಷ್ಟು ಅಭಿಮಾನಿಗಳನ್ನು ಮುಟ್ಟುತ್ತಿತ್ತು. ಆಮೇಲೆ ಅದು ಇನ್ನೂ ಇಳಿಯಿತು. ಉಳಿದವರಿಗೆ ಮುಟ್ಟಿಸಬೇಕೆ? ಹಣ ಕೊಡಿ. ಇನ್‌ಸ್ಟಾಗ್ರಾಮ್ ಕೂಡ 2016ರಲ್ಲಿ, ಹಾಕಿದ ಹೊತ್ತಿನ ಕ್ರಮದಲ್ಲಿ ಪೋಸ್ಟ್ ತೋರಿಸುವುದನ್ನು ಬಿಟ್ಟಿತು. ಯಾರಿಗೆ ಏನು ತೋರಿಸಬೇಕೆಂಬುದನ್ನು ಲೆಕ್ಕದ ಯಂತ್ರಕ್ಕೆ ಒಪ್ಪಿಸಿತು.

ಇದರಲ್ಲಿ ಮೋಸವಿದೆ ಎಂದು ನಾನು ಹೇಳುತ್ತಿಲ್ಲ. ಜಾತ್ರೆಯ ಬಯಲು ಗುತ್ತಿಗೆ ಹಿಡಿದವನು ಅಂಗಡಿಗೆ ಬಾಡಿಗೆ ಕೇಳಿಯೇ ಕೇಳುತ್ತಾನೆ. ಆದರೆ ನಮ್ಮ ಕೇಳುಗರನ್ನು ನಾವೇ ಕರೆತಂದು ಕೂರಿಸಿ, ಅವರೊಡನೆ ಮಾತಾಡಲು ಮೂರನೆಯವನಿಗೆ ಬಾಡಿಗೆ ಕಟ್ಟುವ ಸ್ಥಿತಿ ಚರಿತ್ರೆಯಲ್ಲಿ ಹೊಸದು. ಗೌಹರ್ ಜಾನ್‌ಗೆ ಕೇಳುಗರು ಕಾಣುತ್ತಿರಲಿಲ್ಲ. ನಮಗೆ ಕಾಣುತ್ತಾರೆ, ಎಣಿಸಲೂ ಸಿಗುತ್ತಾರೆ, ಕೂಗಿದರೆ ಮಾತ್ರ ಕೇಳಿಸುವುದಿಲ್ಲ.

ನಮ್ಮ ತಂಡಕ್ಕೆ ಇದರ ಬಿಸಿ ತಟ್ಟಿದ್ದು ಒಂದು ಚಳಿಗಾಲದಲ್ಲಿ. ಕೋಥ್ರೂಡಿನ ಒಂದು ಸಣ್ಣ ಸಭಾಗೃಹದಲ್ಲಿ ಕಾರ್ಯಕ್ರಮವಿತ್ತು. ಮೂರು ದಿನ ಮುಂಚೆ ನಾವು ಬಳಸುತ್ತಿದ್ದ ಒಂದು ಜಾಲತಾಣ ನಮ್ಮ ಖಾತೆಗೆ ಬೀಗ ಹಾಕಿತು. ಕಾರಣ ಕೇಳಿ ಬರೆದರೆ ಯಂತ್ರವೇ ಉತ್ತರಿಸುತ್ತಿತ್ತು. ಅದೃಷ್ಟಕ್ಕೆ ನಮ್ಮ ಮೃದಂಗದ ಗೆಳೆಯ ಪ್ರತಿ ಕಾರ್ಯಕ್ರಮದ ಬಾಗಿಲಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇಡುವ ರೂಢಿ ಮಾಡಿದ್ದ. ಹೆಸರು, ಊರು, ಫೋನ್ ನಂಬರು, ಇಷ್ಟವಿದ್ದವರು ಬರೆಯುವುದು. ಗದಗಿನ ಕಡೆಯ ಹಿರಿಯರೊಬ್ಬರು ತಮ್ಮ ಹೆಸರು ಬರೆಸುತ್ತ, “ತಮ್ಮಾ, ಮತ್ತ ಹಾಡೂದಿದ್ರ ನನಗ ಫೋನ್ ಹಚ್ಚು. ಆ ಮೊಬೈಲ್‌ನ್ಯಾಗ ಹುಡುಕ್ಯಾಡೂದು ನನಗ ಬರೂದಿಲ್ಲ” ಎಂದಿದ್ದರು. ಆ ಮೂರು ದಿನ ನಾವು ನಾಲ್ವರೂ ಪುಟ ಹಂಚಿಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡಿದೆವು. ಸಭಾಗೃಹ ತುಂಬಲಿಲ್ಲ, ಖಾಲಿಯೂ ಉಳಿಯಲಿಲ್ಲ. ಬಂದವರಲ್ಲಿ ಹೆಚ್ಚಿನವರು ನೋಟ್‌ಬುಕ್ಕಿನವರೇ. ಫೋನಿನಲ್ಲಿ ಎಷ್ಟೋ ಜನ, ನೀವು ಇನ್ನೂ ಹಾಡುತ್ತಿದ್ದೀರಾ, ಬಹಳ ದಿನದಿಂದ ಸುದ್ದಿಯೇ ಇರಲಿಲ್ಲವಲ್ಲ ಎಂದರು. ಅವರೆಲ್ಲ ನಮ್ಮ ‘ಫಾಲೋವರ್’ಗಳೂ ಆಗಿದ್ದರು. ಆ ವರ್ಷ ಪೂರ್ತಿ ವಾರಕ್ಕೆರಡು ಪೋಸ್ಟ್ ನಾವು ಹಾಕಿದ್ದೆವು!

*

ಹಾಗಾದರೆ ಜಾಲತಾಣದ ಕಾಲದಲ್ಲೇ ಗೆದ್ದವರು ಇಲ್ಲವೇ? ಇದ್ದಾರೆ. ಅಮೆರಿಕದ ಅಮಾಂಡಾ ಪಾಮರ್ ಅವರಲ್ಲಿ ಒಬ್ಬರು. 2012ರಲ್ಲಿ ಕಿಕ್‌ಸ್ಟಾರ್ಟರ್ ತಾಣದಲ್ಲಿ ಹೊಸ ಆಲ್ಬಮ್ಮಿಗೆ 1 ಲಕ್ಷ ಡಾಲರ್ ಬೇಕೆಂದರು. 24,883 ಜನ ಸೇರಿ ಸುಮಾರು 11 ಲಕ್ಷ 93 ಸಾವಿರ ಕೊಟ್ಟರು. ತಲೆಗೆ ಸರಾಸರಿ 48 ಡಾಲರ್. ಒಂದು ಜಾಲತಾಣ ಮಾಡಿದ ಜಾದೂ ಎಂದೇ ಎಷ್ಟೋ ಜನ ತಿಳಿದರು.

ಆ ಅಂಕಿಯ ಹಿಂದೆ ಹತ್ತಕ್ಕೂ ಹೆಚ್ಚು ವರ್ಷದ ಕೆಲಸವಿತ್ತು. ಈಕೆ ಮೊದಲು ರಸ್ತೆಯಲ್ಲಿ ಬಿಳಿ ಬಣ್ಣ ಬಳಿದುಕೊಂಡು ಮದುಮಗಳ ಪ್ರತಿಮೆಯಂತೆ ನಿಂತು, ದುಡ್ಡು ಹಾಕಿದವರಿಗೆ ಹೂ ಕೊಡುತ್ತಿದ್ದವರು. ಬಾಸ್ಟನ್ನಿನಲ್ಲಿ ಇಬ್ಬರ ತಂಡ ಕಟ್ಟಿದ ಮೇಲೆ ಪ್ರತಿ ಕಛೇರಿ ಮುಗಿದಾಗಲೂ ಕೊನೆಯ ಕೇಳುಗ ಹೋಗುವವರೆಗೆ ನಿಂತು ಮಾತಾಡುತ್ತಿದ್ದರು, ಇಮೇಲ್ ಬರೆಸಿಕೊಳ್ಳುತ್ತಿದ್ದರು. ರೆಕಾರ್ಡ್ ಕಂಪನಿಯೊಂದಿಗೆ ಜಗಳವಾಗಿ ಹೊರಬಂದಾಗ ಆ ಪಟ್ಟಿ ಅವರ ಜೊತೆಗೇ ಬಂತು. ಕಿಕ್‌ಸ್ಟಾರ್ಟರ್ ಹಣ ಎಣಿಸಿದ ಮೇಜು ಮಾತ್ರ.

ಇದೇ ಕಥೆಗೆ ಇನ್ನೊಂದು ಮಗ್ಗುಲೂ ಇದೆ. ಆ ಹಣದ ಮೇಲೆ ಹೊರಟ ಪ್ರವಾಸದಲ್ಲಿ ಪಾಮರ್, ಆಯಾ ಊರಿನ ವಾದ್ಯಗಾರರು ಬಂದು ಸಂಬಳವಿಲ್ಲದೆ, ಬಿಯರಿಗೂ ಅಪ್ಪುಗೆಗೂ ನುಡಿಸಲಿ ಎಂದು ಕರೆ ಕೊಟ್ಟರು. ಅಷ್ಟು ಹಣ ಬಂದವರು ಹೀಗೆ ಕೇಳಬಹುದೇ ಎಂದು ಸಂಗೀತಗಾರರು ಸಿಟ್ಟಾದರು. ಕೊನೆಗೆ ಪಾಮರ್ ಸಂಬಳ ಕೊಡಲು ಒಪ್ಪಿದರು. ಅಭಿಮಾನವನ್ನು ಎಲ್ಲಿಯವರೆಗೆ ಕೇಳಬಹುದು, ಎಲ್ಲಿ ನಿಲ್ಲಿಸಬೇಕು ಎಂಬ ಗೆರೆ ಬಹಳ ತೆಳುವು. ಕೇಳುಗರ ಪಟ್ಟಿ ಕೈಯಲ್ಲಿದ್ದರೆ ಸಾಲದು, ಅವರ ಎದುರು ಲೆಕ್ಕ ಒಪ್ಪಿಸುವ ಹೊಣೆಯೂ ಅದರ ಜೊತೆಗೇ ಬರುತ್ತದೆ.

2008ರಲ್ಲಿ ಕೆವಿನ್ ಕೆಲಿ ಎಂಬ ಲೇಖಕರು ಬರೆದ ‘ಸಾವಿರ ನಿಜವಾದ ಅಭಿಮಾನಿಗಳು’ ಎಂಬ ಪ್ರಬಂಧವನ್ನು ಈಗ ಎಲ್ಲರೂ ಉಲ್ಲೇಖಿಸುತ್ತಾರೆ. ವರ್ಷಕ್ಕೆ ತಲಾ 100 ಡಾಲರ್ ಕೊಡುವ 1,000 ಜನ ಇದ್ದರೆ ಒಬ್ಬ ಕಲಾವಿದ ಬದುಕಬಹುದು ಎಂಬುದು ಲೆಕ್ಕ. ಸಾವಿರ ಎಂಬ ಅಂಕಿ ಎಲ್ಲರಿಗೂ ನೆನಪಿದೆ. ಅವರೇ ಇಟ್ಟ ಷರತ್ತು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ: ಆ ಸಾವಿರ ಜನರೊಡನೆ ಕಲಾವಿದನಿಗೆ ನೇರ ಸಂಬಂಧ ಇರಬೇಕು, ನಡುವೆ ಯಾರೂ ಇರಬಾರದು.

ನಡುವಿನವರು ಒಳ್ಳೆಯವರೇ ಆದರೂ ಕಾಲ ಒಂದೇ ಸಮ ಇರುವುದಿಲ್ಲ. 2008ರಲ್ಲೇ ಶುರುವಾದ ‘ಬ್ಯಾಂಡ್‌ಕ್ಯಾಂಪ್’ ಸ್ವತಂತ್ರ ಸಂಗೀತಗಾರರ ಪಾಲಿಗೆ ಬಹಳ ಉಪಕಾರಿ. ಕೊಂಡವರ ಇಮೇಲನ್ನು ಹಾಡುಗಾರರಿಗೇ ಕೊಡುತ್ತದೆ. ಅದೂ 2022ರಲ್ಲಿ ಒಂದು ಕಂಪನಿಗೆ, 2023ರಲ್ಲಿ ಇನ್ನೊಂದಕ್ಕೆ ಮಾರಾಟವಾಯಿತು, ನೌಕರರಲ್ಲಿ ಸುಮಾರು ಅರ್ಧ ಜನ ಕೆಲಸ ಕಳೆದುಕೊಂಡರು. ಆದರೆ ಆ ಹೊತ್ತಿಗೆ ಇಮೇಲ್ ಪಟ್ಟಿ ಇಳಿಸಿಕೊಂಡಿದ್ದ ಹಾಡುಗಾರರು ಮೈಸ್ಪೇಸ್ ಕಾಲದವರ ಹಾಗೆ ಕಂಗಾಲಾಗಬೇಕಿರಲಿಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಅಷ್ಟೇ.

*

ಪುಣೆಯಲ್ಲಿ ಇರುವವರಿಗೆ ಇನ್ನೊಂದು ಬಗೆಯ ವಿಳಾಸದ ಪರಿಚಯವೂ ಇದೆ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷ ಅವರ ಶಿಷ್ಯ, ಗದಗಿನ ಭೀಮಸೇನ ಜೋಶಿಯವರು ಪುಣೆಯಲ್ಲಿ ಗುರುವಿನ ನೆನಪಿಗೆ ಸಂಗೀತೋತ್ಸವ ಶುರುಮಾಡಿದರು. ಈಗ ಅದು ಡಿಸೆಂಬರಿನಲ್ಲಿ ನಡೆಯುತ್ತದೆ. ಆ ದಿನಗಳಿಗೆ ರಜೆ ಕಾದಿರಿಸಿಕೊಳ್ಳುವವರು ನಮ್ಮ ಆಫೀಸುಗಳಲ್ಲೂ ಇದ್ದಾರೆ. ಇಲ್ಲಿ ಹಾಡುವವರು ಕೇಳುಗರ ವಿಳಾಸ ಕೇಳಲಿಲ್ಲ, ತಮ್ಮ ವಿಳಾಸವನ್ನೇ ಕೊಟ್ಟರು: ಇದೇ ಊರು, ಇದೇ ಕಾಲ, ಪ್ರತಿ ವರ್ಷ ಸಿಗುತ್ತೇವೆ. ಮರಿಲಿಯನ್ ತಂಡದವರೂ 2002ರಿಂದ ತಮ್ಮ ಅಭಿಮಾನಿಗಳಿಗೆಂದೇ ಇಡೀ ವಾರಾಂತ್ಯದ ಸಮಾವೇಶ ನಡೆಸುತ್ತ ಬಂದದ್ದು ಇದೇ ತಿಳಿವಳಿಕೆಯಿಂದ ಇರಬೇಕು. ಗೊತ್ತಾದ ಜಾಗದಲ್ಲಿ ಗೊತ್ತಾದ ದಿನ ಸಿಗುವವರನ್ನು ಹುಡುಕಲು ಯಾವ ಯಂತ್ರದ ಅಪ್ಪಣೆಯೂ ಬೇಡ.

ಹೊರನಾಡಿನ ಕನ್ನಡ ಹಾಡುಗಾರರಿಗೆ ಇದು ಮುಖ್ಯವಾಗುವುದು ಏಕೆ? ನಮ್ಮ ಕೇಳುಗರು ಒಂದು ಕೇರಿಯಲ್ಲಿ ಇಲ್ಲ. ಪುಣೆಯಲ್ಲಿರುವ ಒಬ್ಬರಿಗೆ ಯಂತ್ರ ತೋರಿಸುವುದು ಹಿಂದಿ, ಮರಾಠಿ, ಪಂಜಾಬಿ ಹಾಡುಗಳನ್ನು. ಅವರು ಕನ್ನಡದವರು ಎಂಬುದು ಅವರೇ ಹುಡುಕುವವರೆಗೆ ಅದಕ್ಕೆ ಹೊಳೆಯುವುದಿಲ್ಲ. ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ಕನ್ನಡ ಓದದ ಮಕ್ಕಳಿಗಂತೂ ಕಿವಿಯೇ ಉಳಿದಿರುವ ದಾರಿ. ದೊಡ್ಡ ಭಾಷೆಯ ದೊಡ್ಡ ತಂಡಕ್ಕೆ ಹತ್ತು ಸಾವಿರ ಕೇಳುಗರು ಕಳೆದರೆ ಇನ್ನೊಂದು ಹತ್ತು ಸಾವಿರ ಸಿಗುತ್ತಾರೆ. ನಮಗೆ ಕಳೆದ ಒಬ್ಬರು ಕಳೆದಂತೆಯೇ.

ಜಾಲತಾಣ ಬಿಟ್ಟುಬಿಡಿ ಎಂಬ ವೈರಾಗ್ಯದ ಮಾತು ಇದಲ್ಲ. ನಮ್ಮ ಹಾಡನ್ನು ಮೊದಲ ಸಲ ಕೇಳಿದವರಲ್ಲಿ ಬಹಳ ಜನ ಕೇಳಿದ್ದು ಅಲ್ಲೇ. ಜಾತ್ರೆಗೆ ಹೋಗಲೇಬೇಕು, ಹೊಸಬರು ಸಿಗುವುದು ಜಾತ್ರೆಯಲ್ಲಿ. ಆದರೆ ನಮ್ಮ ಹಿರಿಯರು ಜಾತ್ರೆಯಲ್ಲಿ ಬೇಕಾದವರು ಸಿಕ್ಕರೆ ಬರೀ ಕೈಬೀಸಿ ಹೋಗುತ್ತಿರಲಿಲ್ಲ. ಯಾವೂರು, ಯಾರ ಪೈಕಿ, ಮನೆ ಎಲ್ಲಿ ಎಂದು ವಿಚಾರಿಸಿ, ತಮ್ಮ ಮನೆಗೂ ಕರೆದು ಬರುತ್ತಿದ್ದರು. ನಾವೀಗ ಅದನ್ನೇ ಮಾಡುತ್ತೇವೆ. ಪ್ರತಿ ವಿಡಿಯೋದ ಕೊನೆಗೆ ‘ಲೈಕ್ ಮಾಡಿ, ಶೇರ್ ಮಾಡಿ’ ಎನ್ನುವ ಬದಲು, ನಿಮ್ಮ ಊರಿನ ಹತ್ತಿರ ಹಾಡಲು ಬಂದರೆ ತಿಳಿಸಬೇಕೆ, ಹಾಗಿದ್ದರೆ ಒಂದು ಸಾಲು ಬರೆಯಿರಿ ಎಂದು ಕೇಳುತ್ತೇವೆ. ಬರೆಯುವವರು ಲೈಕ್ ಒತ್ತುವವರಿಗಿಂತ ಬಹಳ ಕಡಿಮೆ. ಆದರೆ ಮುಂಬಯಿಗೆ ಹಾಡಲು ಹೋದಾಗ ಮುಂದಿನ ಸಾಲಿನಲ್ಲಿ ಕೂತವರು ಅವರೇ.

ವಿಳಾಸ ಕೊಡುವುದು ಸಣ್ಣ ಮಾತಲ್ಲ ಎಂಬುದನ್ನೂ ಹಾಡುವವರು ನೆನಪಿಡಬೇಕು. ಸಾಲ ಬೇಕೆ, ಮನೆ ಬೇಕೆ ಎಂದು ದಿನಕ್ಕೆ ಹತ್ತು ಫೋನು ಬರುವ ಈ ಕಾಲದಲ್ಲಿ ಒಬ್ಬರು ತಮ್ಮ ನಂಬರನ್ನು ಬರೆದುಕೊಟ್ಟರೆ ಅದು ಠೇವಣಿ. ಅದನ್ನು ಇನ್ನೊಬ್ಬರಿಗೆ ಕೊಡಬಾರದು, ಹಬ್ಬಹಬ್ಬಕ್ಕೂ ಶುಭಾಶಯ ಕಳಿಸಿ ಬೇಸರ ಹುಟ್ಟಿಸಬಾರದು, ಸಾಕು ಎಂದವರ ಹೆಸರನ್ನು ಅಂದೇ ಹೊಡೆದು ಹಾಕಬೇಕು. ನಮ್ಮ ನೋಟ್‌ಬುಕ್ಕಿಗೆ ಈಗ ಕಂಪ್ಯೂಟರಿನಲ್ಲಿ ಒಂದು ನಕಲು ಇದೆ. ವರ್ಷಕ್ಕೆ ಮೂರೋ ನಾಲ್ಕೋ ಸಲ ಅದನ್ನು ತೆರೆಯುತ್ತೇವೆ, ಹೇಳಲು ನಿಜವಾಗಿ ಏನಾದರೂ ಇದ್ದಾಗ. ಮುಂದಿನದು ಹೈದರಾಬಾದಿನಲ್ಲಿ. ಅಲ್ಲಿನ ಹೆಸರುಗಳು ಸದ್ಯಕ್ಕೆ 41 ಇವೆ.